ಸೋಸುವ ಧರ್ಮ ಮತ್ತು ಹುಲ್ಲು ಹೊಡೆಯುವ ಯಂತ್ರದ ಏರ್ ಫಿಲ್ಟರ್

ಹುಲ್ಲು ಕತ್ತರಿಸುವ ಯಂತ್ರದ ಏರ್ ಫಿಲ್ಟರ್ ಅಂಗೈಯಗಲದ ಒಂದು ಭಾಗ. ಇಂಜಿನ್ ಎಳೆದುಕೊಳ್ಳುವ ಗಾಳಿ ಕಾರ್ಬುರೇಟರಿಗೆ ಸೇರುವ ಮೊದಲು ಇದನ್ನು ದಾಟಿಯೇ ಹೋಗಬೇಕು. ಗಾಳಿಯೊಂದಿಗೆ ಬಂದ ಮಣ್ಣಿನ ಪುಡಿ, ಹುಲ್ಲಿನ ಚೂರು, ಹೂವಿನ ಪರಾಗ ಇಲ್ಲಿ ನಿಲ್ಲುತ್ತವೆ, ಗಾಳಿ ಒಳಗೆ ಹೋಗುತ್ತದೆ. ನಿಂತ ಕೊಳೆಯನ್ನು ಯಾರಾದರೂ ಆಗಾಗ ತೆಗೆಯಬೇಕು. ಫಿಲ್ಟರ್ ಹಳತಾದರೆ ಬದಲಿಸಬೇಕು. ಇದು ಗ್ಯಾರೇಜಿನ ಕೆಲಸ, ಧರ್ಮಚಿಂತನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆದರೆ ಒಳಗೆ ಹೋಗುವುದನ್ನು ಸೋಸಿ ಬಿಡುವುದು ಈ ನಾಡಿನ ಧರ್ಮಗಳು ಬಹುಕಾಲ ಯೋಚಿಸಿದ ವಿಷಯ. ಏನನ್ನು ಒಳಗೆ ಬಿಡಬೇಕು, ಏನನ್ನು ಹೊರಗೆ ತಡೆಯಬೇಕು, ತಡೆದದ್ದನ್ನು ಏನು ಮಾಡಬೇಕು, ಇಷ್ಟೆಲ್ಲ ಯಾರ ಹಿತಕ್ಕೆ ಎಂಬ ಪ್ರಶ್ನೆಗಳನ್ನು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜೈನ ಪರಂಪರೆಯೂ ಶರಣ ಪರಂಪರೆಯೂ ತಮ್ಮ ತಮ್ಮ ದಾರಿಯಲ್ಲಿ ಎತ್ತಿಕೊಂಡಿವೆ. ಆ ಉತ್ತರಗಳ ಎದುರು ಇಟ್ಟು ನೋಡಿದರೆ ಫಿಲ್ಟರ್ ತೊಳೆಯುವ ಸಣ್ಣ ಕೆಲಸದಲ್ಲಿ ಶುದ್ಧಿಯ ದೊಡ್ಡ ಪ್ರಶ್ನೆಯೊಂದು ಕಾಣುತ್ತದೆ.

ಈ ಸೀಮೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಎರಡು ರೂಪ. ತುಮಕೂರು ನಗರದಲ್ಲಿ ಉದ್ಯಾನ, ಕಾಲೇಜು, ಕಾರ್ಖಾನೆಗಳ ಅಂಗಳದ ಹುಲ್ಲುಹಾಸಿಗೆ ತಳ್ಳಿಕೊಂಡು ಹೋಗುವ ಲಾನ್ ಮೂವರ್. ಗುಬ್ಬಿ, ಕುಣಿಗಲ್ಲಿನ ತೆಂಗು ಮತ್ತು ಅಡಿಕೆ ತೋಟಗಳಿಗೆ ಹೆಗಲಿಗೆ ಪಟ್ಟಿ ಕಟ್ಟಿ ಬೀಸುವ ಬ್ರಷ್ ಕಟರ್, ತೋಟದವರ ಮಾತಿನಲ್ಲಿ ಕಳೆ ಹೊಡೆಯುವ ಮಷಿನ್. ಮೊದಲನೆಯದು ದೂಳು ಕಡಿಮೆ ಇರುವ ಕಡೆ ಕೆಲಸ ಮಾಡುತ್ತದೆ. ಎರಡನೆಯದು ಮಣ್ಣಿಗೆ ಹತ್ತಿಕೊಂಡೇ ತಿರುಗುತ್ತದೆ. ಅದರ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಸಹಜ.

ಇಂಜಿನ್ನಿಗೆ ಬೇಕಾಗುವ ಗಾಳಿಯ ಪ್ರಮಾಣ ಕೇಳಿದರೆ ಫಿಲ್ಟರಿನ ಹೊಣೆ ಎಷ್ಟೆಂದು ತಿಳಿಯುತ್ತದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಅಳತೆಯಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ. 35 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಬ್ರಷ್ ಕಟರ್ ನಿಮಿಷಕ್ಕೆ 7,000 ಸುತ್ತಿನ ವೇಗದಲ್ಲಿ ಪೂರ್ತಿ ಉಸಿರೆಳೆದರೆ ನಿಮಿಷಕ್ಕೆ ಸುಮಾರು 120 ಲೀಟರ್ ಗಾಳಿ ನುಂಗುತ್ತದೆ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಉಸಿರಾಡುತ್ತಾನೆ. ಮೈಮುರಿದು ದುಡಿಯುವಾಗ ಅದು 40–60 ಲೀಟರಿಗೆ ಏರಬಹುದು. ಯಂತ್ರ ಮತ್ತು ಅದನ್ನು ಹಿಡಿದ ಆಳು ಇಬ್ಬರೂ ಒಂದೇ ಗಾಳಿಯನ್ನು, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಎಳೆದುಕೊಳ್ಳುತ್ತಾರೆ ಎಂಬುದು ಮುಂದಿನ ವಿಚಾರಕ್ಕೆ ಮುಖ್ಯ.

ಆ ಗಾಳಿಯಲ್ಲಿ ಏನಿದೆ? ತುಮಕೂರು ಜಿಲ್ಲೆಯ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಕಾಲಾಂತರದಲ್ಲಿ ಪುಡಿಯಾಗಿ ಆದದ್ದು. ಅದರಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳು ಹೇರಳ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸು 7. ಪಿಸ್ಟನ್ನಿನ ಅಲ್ಯೂಮಿನಿಯಂ ಅದರೆದುರು ಮೆತ್ತಗಿನ ಲೋಹ. ಸೋಸದ ಗಾಳಿಯೊಂದಿಗೆ ಒಳಹೊಕ್ಕ ಕಣ ಆಯಿಲಿನಲ್ಲಿ ಬೆರೆತು ಸಾಣೆ ಹಿಡಿಯುವ ಪೇಸ್ಟಿನಂತೆ ಸಿಲಿಂಡರನ್ನೂ ರಿಂಗನ್ನೂ ತೇಯುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಆಯಿಲ್ ಉರಿದು ಹೊಗೆ ಬರುತ್ತದೆ, ಮಷಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಹಾನಿ ಇನ್ನೊಂದು ಬಗೆಯದು. ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗುತ್ತದೆ, ಕಪ್ಪು ಹೊಗೆ ಕಾರುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ದಪ್ಪ ಹುಲ್ಲಿಗೆ ಸಿಕ್ಕೊಡನೆ ಇಂಜಿನ್ ಸೋಲುತ್ತದೆ. ದೂಳಿನ ಈ ಭಯ ಸಣ್ಣ ಇಂಜಿನ್ನಿಗೆ ಮಾತ್ರವಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆ ಹೆಲಿಕಾಪ್ಟರುಗಳಿಗಾಗಿ ಕಟ್ಟಿದ್ದು. ಒಣನೆಲಕ್ಕೆ ಇಳಿಯುವ ಹೆಲಿಕಾಪ್ಟರ್ ತಾನೇ ಎಬ್ಬಿಸಿದ ದೂಳನ್ನು ತಾನೇ ನುಂಗುವ ಅಪಾಯವಿರುವುದರಿಂದ ಅಂಥ ನೆಲದಲ್ಲಿ ಹಾರುವ ಹೆಲಿಕಾಪ್ಟರುಗಳ ಗಾಳಿದ್ವಾರಕ್ಕೂ ದೂಳು ಬೇರ್ಪಡಿಸುವ ಏರ್ಪಾಟು ಬೇಕಾಗುತ್ತದೆ.

ಜೀವಿಗಳ ಸಂಗತಿ ಬೇರೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ ನೆನಪನ್ನು ಉಳಿಸಿಕೊಂಡು ಬಂದ, ದೇಶದ ಹಳೆಯ ಕುದುರೆ ಸಾಕಣೆ ಕೇಂದ್ರಗಳಲ್ಲಿ ಒಂದು. ಅಲ್ಲಿನ ಹುಲ್ಲುಗಾವಲು ಓಟದ ಕುದುರೆಗಳನ್ನು ಬೆಳೆಸಿದೆ. ಕುದುರೆ ಬಾಯಿಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ಆ ಮೂಗಿನ ಒಳಮೈಯ ಅಂಟು ಮತ್ತು ಸೂಕ್ಷ್ಮ ರೋಮಗಳು ದೂಳನ್ನು ಹಿಡಿದು ಎಡೆಬಿಡದೆ ಹೊರಗೆ ಸಾಗಿಸುತ್ತವೆ. ಮನುಷ್ಯನ ಮೂಗೂ ಶ್ವಾಸನಾಳವೂ ಹಾಗೆಯೇ. ಜೀವವಿರುವ ಫಿಲ್ಟರ್ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಯಂತ್ರದ ಫಿಲ್ಟರಿಗೆ ಆ ಶಕ್ತಿಯಿಲ್ಲ. ತಾನು ಹಿಡಿದ ಕೊಳೆಯಿಂದಲೇ ಅದು ಉಸಿರುಕಟ್ಟುತ್ತದೆ, ಇನ್ನೊಬ್ಬರ ಕೈ ಬರುವವರೆಗೆ ಕಾಯುತ್ತದೆ. ಯಂತ್ರವನ್ನು ಮಾಡಿ ಬಳಸುವವನಿಗೆ ಒಂದು ಕರ್ತವ್ಯ ಹುಟ್ಟುವುದು ಇಲ್ಲಿಂದ. ಜೀವ ತನಗೆ ತಾನೇ ಮಾಡಿಕೊಳ್ಳುವುದನ್ನು ಯಂತ್ರಕ್ಕೆ ಮನುಷ್ಯ ಮಾಡಿಕೊಡಬೇಕು.

ಮಾಡುವ ಕ್ರಮ ಕಷ್ಟದ್ದಲ್ಲ. ಇಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಟ್ಟರೆ ಮಷಿನ್ ಅಕಸ್ಮಾತ್ ಹತ್ತಿಕೊಳ್ಳುವ ಭಯವಿರುವುದಿಲ್ಲ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಹುಲ್ಲು, ಮಣ್ಣನ್ನು ಬ್ರಷ್ಷಿನಿಂದ ಒರೆಸಿ ಚೋಕ್ ಮುಚ್ಚಬೇಕು. ಇಲ್ಲದಿದ್ದರೆ ಶುಚಿ ಮಾಡಲು ಹೊರಟ ಕೈಯೇ ಕೊಳೆಯನ್ನು ಕಾರ್ಬುರೇಟರಿಗೆ ಬೀಳಿಸುತ್ತದೆ. ಫೋಮಿನ ಫಿಲ್ಟರನ್ನು ಬೆಚ್ಚನೆಯ ಸೋಪಿನ ನೀರಿನಲ್ಲಿ ಅದುಮಿ ಅದುಮಿ ತೊಳೆಯಬೇಕು. ಬಟ್ಟೆ ಹಿಂಡುವಂತೆ ತಿರುಚಿದರೆ ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಕೆಲವು ಹನಿ ಇಂಜಿನ್ ಆಯಿಲ್ ಹಾಕಿ, ಎಲ್ಲ ಕಡೆ ಹರಡುವಂತೆ ಅದುಮಿ, ಹೆಚ್ಚಾದದ್ದನ್ನು ಹಳೆಯ ಬಟ್ಟೆಗೆ ಒತ್ತಿ ತೆಗೆಯಬೇಕು. ದೂಳನ್ನು ಹಿಡಿಯುವುದು ಆ ಎಣ್ಣೆಯ ಜಿಡ್ಡೇ. ಪೆಟ್ರೋಲಿನಲ್ಲಿ ಫೋಮ್ ತೊಳೆಯುವ ರೂಢಿ ಕೆಲವು ಕಡೆ ಇದೆ. ಅದು ಬೆಂಕಿಗೆ ಆಹ್ವಾನ, ಮಾಡಲೇಬಾರದು. ನೆರಿಗೆ ನೆರಿಗೆಯಾದ ಪೇಪರ್ ಫಿಲ್ಟರಿಗೆ ನೀರೂ ಬೇಡ, ಎಣ್ಣೆಯೂ ಬೇಡ. ಗಟ್ಟಿನೆಲಕ್ಕೆ ಮೆಲ್ಲಗೆ ತಟ್ಟಿ ದೂಳು ಉದುರಿಸಿದರೆ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಕಣ್ಣಿಗೆ ಕಾಣದ ತೂತುಗಳಾಗುತ್ತವೆ, ಮತ್ತೆ ಆ ಫಿಲ್ಟರ್ ಹೆಸರಿಗೆ ಮಾತ್ರ ಫಿಲ್ಟರ್. ಕೂರಿಸುವಾಗ ಅಂಚು ಎಲ್ಲೆಡೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಸಂದು ಉಳಿದರೆ ಗಾಳಿ ಆ ಸಂದಿನಿಂದಲೇ ಹೋಗುತ್ತದೆ. ಲಾನ್ ಮೂವರನ್ನು ಬ್ಲೇಡು ನೋಡಲೆಂದು ಮಗ್ಗುಲಾಗಿಸುವಾಗ ಫಿಲ್ಟರ್ ಇರುವ ಬದಿ ಮೇಲಕ್ಕಿರಲಿ, ಇಲ್ಲದಿದ್ದರೆ ಆಯಿಲ್ ಇಳಿದು ಅದನ್ನು ನೆನೆಸುತ್ತದೆ.

ಹಲವು ಕೈಪಿಡಿಗಳು ಫೋಮನ್ನು 25 ಗಂಟೆಗಳ ಕೆಲಸಕ್ಕೊಮ್ಮೆ ತೊಳೆಯಲು, ಪೇಪರನ್ನು 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ದೂಳಿರುವ ಕಡೆ ಇದಕ್ಕಿಂತ ಬೇಗ ಎಂದೂ ಅವೇ ಸೇರಿಸುತ್ತವೆ. ಬೇಸಿಗೆಯಲ್ಲಿ ಒಣಗಿದ ತೋಟದಲ್ಲಿ ದಿನವಿಡೀ ಓಡುವ ಬ್ರಷ್ ಕಟರಿಗೆ ಗಂಟೆಯ ಲೆಕ್ಕ ನೆಚ್ಚಿ ಕೂರುವಂತಿಲ್ಲ. ದಿನದ ಕೊನೆಗೆ ಮುಚ್ಚಳ ತೆಗೆದು ನೋಡುವುದೇ ಸರಿ. ಬೆಳಕಿಗೆ ಹಿಡಿದಾಗ ಪೇಪರ್ ಬೆಳಕು ಬಿಡದಿದ್ದರೆ, ಎಣ್ಣೆ ಕುಡಿದಿದ್ದರೆ, ಹರಿದಿದ್ದರೆ, ಫೋಮ್ ಕೈಗೆ ಪುಡಿಪುಡಿಯಾಗಿ ಬಂದರೆ ತೊಳೆಯುವ ಕಾಲ ಮುಗಿದಿದೆ, ಬದಲಿಸಬೇಕು.

ಇಲ್ಲಿ ಮೊದಲ ತಾತ್ವಿಕ ಸಂಗತಿ ಎದುರಾಗುತ್ತದೆ. ಫಿಲ್ಟರ್ ಎಂದರೆ ಜರಡಿ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದು ಅರ್ಧ ನಿಜ. ಎಳೆಗಳ ನಡುವಿನ ಸಂದಿಗಿಂತ ಎಷ್ಟೋ ಸಣ್ಣ ಕಣಗಳನ್ನೂ ಫಿಲ್ಟರ್ ಹಿಡಿಯುತ್ತದೆ. ಗಾಳಿ ಎಳೆಯನ್ನು ಬಳಸಿ ತಿರುಗುವಾಗ ಭಾರದ ಕಣ ತಿರುಗಲಾರದೆ ಎಳೆಗೆ ಡಿಕ್ಕಿ ಹೊಡೆದು ಅಂಟುತ್ತದೆ, ಹಗುರ ಕಣ ಅಲೆದಾಡುತ್ತಾ ತಾಗಿ ಅಂಟುತ್ತದೆ. ಹೊಚ್ಚ ಹೊಸ ಫಿಲ್ಟರಿಗಿಂತ ತುಸು ದೂಳು ಹಿಡಿದ ಫಿಲ್ಟರ್ ಹೆಚ್ಚು ಚೆನ್ನಾಗಿ ಸೋಸುತ್ತದೆ. ಮೊದಲು ಅಂಟಿದ ದೂಳೇ ಮುಂದಿನ ದೂಳನ್ನು ಹಿಡಿಯುವ ಪದರವಾಗುತ್ತದೆ. ಹಾಗೆಂದು ಆ ಪದರ ದಪ್ಪವಾಗುತ್ತಾ ಹೋದರೆ ಗಾಳಿಯೇ ಹಾಯದು. ಒಂದಿಷ್ಟೂ ಕೊಳೆ ತಾಗದಂತೆ ಗಳಿಗೆಗೊಮ್ಮೆ ತೊಳೆಯುವವನೂ, ಎಂದೂ ತೊಳೆಯದವನೂ ಇಬ್ಬರೂ ಯಂತ್ರಕ್ಕೆ ಕೇಡು ಮಾಡುತ್ತಾರೆ. ಶುದ್ಧಿ ಎಂದರೆ ಕೊಳೆಯೇ ಇಲ್ಲದಿರುವುದು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಸೋಸುವ ವಸ್ತು ಕೊಳೆಯನ್ನು ತನ್ನ ಮೈಮೇಲೆ ತೆಗೆದುಕೊಳ್ಳಲೇಬೇಕು. ಅದು ಬೆಳ್ಳಗೆ ಉಳಿಯಿತೆಂದರೆ ಕೆಲಸ ಮಾಡಿಲ್ಲ ಎಂದರ್ಥ.

ಯಂತ್ರದ ಶುದ್ಧಿಗೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಧಾರ್ಮಿಕ ದಿನ ಆಯುಧಪೂಜೆ. ಮಹಾನವಮಿಯಂದು ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್, ಮಚ್ಚು, ಗುದ್ದಲಿ ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ವರ್ಷವೆಲ್ಲ ದುಡಿದ ವಸ್ತುವಿನ ಎದುರು ಒಂದು ದಿನ ಕೈಮುಗಿದು ನಿಲ್ಲುವುದು ಸಣ್ಣ ಮಾತಲ್ಲ. ಬಳಸಿ ಬಿಸಾಡುವ ಬುದ್ಧಿಗೆ ಅದು ನೇರ ಎದುರು. ಆದರೆ ಅಂದು ತೊಳೆಯುವುದು ಹೊರಮೈ. ಟ್ಯಾಂಕು ಥಳಥಳಿಸುತ್ತದೆ, ಮುಚ್ಚಳದೊಳಗಿನ ಫಿಲ್ಟರ್ ಹಿಂದಿನ ವರ್ಷದ ದೂಳನ್ನೇ ಹೊತ್ತಿರುತ್ತದೆ. ಹೊರಗಿನ ಮಡಿ ಒಳಗಿನ ಶುದ್ಧಿಗೆ ಬದಲಿಯಾಗಲಾರದು ಎಂದು ಹನ್ನೆರಡನೆಯ ಶತಮಾನದ ಶರಣರು ಮತ್ತೆ ಮತ್ತೆ ಹೇಳಿದರು. ಅವರು ಅದನ್ನು ಮನುಷ್ಯನ ಮನಸ್ಸಿನ ಬಗ್ಗೆ ಹೇಳಿದ್ದು, ಯಂತ್ರದ ಬಗ್ಗೆ ಅಲ್ಲ. ಆದರೂ ಯಂತ್ರವನ್ನು ನೋಡಿಕೊಳ್ಳುವವನ ಮನಸ್ಸಿಗೆ ಆ ಮಾತು ತಾಗುತ್ತದೆ.

ಹುಲ್ಲು ಕತ್ತರಿಸುವ ಕೆಲಸಕ್ಕೂ ಶರಣರ ಧರ್ಮಕ್ಕೂ ನೇರವಾದ ಕೊಂಡಿ ನುಲಿಯ ಚಂದಯ್ಯನ ಪ್ರಸಂಗ. ಚಂದಯ್ಯ ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದವನು. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬಿತ್ತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ಹೊರೆ ಹೊತ್ತು ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂತೆಂದೂ ಮಡಿವಾಳ ಮಾಚಯ್ಯ ನಡುವೆ ಬಂದು ಚರ್ಚೆ ನಡೆಯಿತೆಂದೂ ಕಥೆ ಹೇಳುತ್ತದೆ. ಈ ಪ್ರಸಂಗವನ್ನು ವಿಸ್ತಾರವಾಗಿ ಜೋಡಿಸಿದ ಶೂನ್ಯಸಂಪಾದನೆಯ ಸಂಕಲನಕಾರರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರು. ಗೂಳೂರು ತುಮಕೂರು ನಗರಕ್ಕೆ ಅಂಟಿಕೊಂಡಿರುವ ಊರು. ಪ್ರಸಂಗವನ್ನು ಮೇಲುನೋಟಕ್ಕೆ ಓದಿದರೆ ಕೆಲಸ ದೊಡ್ಡದು, ಪೂಜೆ ಸಣ್ಣದು ಎಂಬ ತೀರ್ಪು ಕಾಣುತ್ತದೆ. ಆ ತೀರ್ಪು ಅವಸರದ್ದು. ಚಂದಯ್ಯ ಹುಲ್ಲಿನ ಹೊರೆಯನ್ನು ಹಿಡಿದುಕೊಂಡದ್ದು ಕೆಲಸದ ಮೋಹದಿಂದ ಅಲ್ಲ. ಆ ಹೊರೆ ಹಗ್ಗವಾಗಿ, ಹಗ್ಗ ಅನ್ನವಾಗಿ, ಅನ್ನ ಹಸಿದ ಜಂಗಮರಿಗೆ ಮುಟ್ಟಬೇಕಿತ್ತು. ಕಾಯಕಕ್ಕೆ ಅವನಲ್ಲಿ ಇದ್ದ ಗೌರವ ದಾಸೋಹದ ಕಾರಣಕ್ಕೆ ಬಂದದ್ದು. ಕೆಲಸ ಶುದ್ಧವೋ ಅಲ್ಲವೋ ಎಂಬುದನ್ನು ಅದು ಯಾರಿಗೆ ಮುಟ್ಟುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಆ ಪ್ರಸಂಗದ ತಿರುಳು. ಯಂತ್ರದ ಉಪಚಾರವೇ ಪೂಜೆ ಎಂದು ಹೇಳಿ ಕೈತೊಳೆದುಕೊಳ್ಳುವವರು ದಾಸೋಹವೆಂಬ ಈ ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಒಳಗೆ ತೆಗೆದುಕೊಳ್ಳುವುದರ ಬಗ್ಗೆ ಶರಣಮಾರ್ಗಕ್ಕೆ ಇನ್ನೂ ಸೂಕ್ಷ್ಮವಾದ ವಿಚಾರವೊಂದಿದೆ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ, ನಾಗಿನಿ ನದಿಯ ದಂಡೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದ ತೋಂಟದ ಸಿದ್ಧಲಿಂಗಯತಿ ಎಂದು ಹೆಸರಾಗಿ ಎಡೆಯೂರಿನಲ್ಲಿ ಸಮಾಧಿಸ್ಥರಾದವರು ಷಟ್‌ಸ್ಥಲ ಜ್ಞಾನಸಾರಾಮೃತ ಎಂಬ ವಚನಗ್ರಂಥ ಕೊಟ್ಟವರು. ಷಟ್‌ಸ್ಥಲದ ಆರು ಮೆಟ್ಟಿಲುಗಳಲ್ಲಿ ಮೂರನೆಯದು ಪ್ರಸಾದಿ. ಪ್ರಸಾದಿಗೆ ಕಣ್ಣು, ಕಿವಿ, ನಾಲಗೆ, ಮೂಗು, ಚರ್ಮಗಳ ಮೂಲಕ ಒಳಬರುವುದೆಲ್ಲ ಮೊದಲು ಲಿಂಗಕ್ಕೆ ಅರ್ಪಿತವಾಗಿ, ಆಮೇಲೆ ಅವನಿಗೆ ಪ್ರಸಾದವಾಗಿ ಸಲ್ಲಬೇಕು. ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳುವಾಗ ಮೂಗಿಗೆ ಸಲ್ಲುವುದು ಆಚಾರಲಿಂಗ. ಉಸಿರಿನ ದ್ವಾರಕ್ಕೆ ಆಚಾರವನ್ನು, ಎಂದರೆ ನಡತೆಯನ್ನು ಕಾವಲಿಟ್ಟಿರುವುದು ಗಮನಿಸಬೇಕಾದ ಸಂಗತಿ. ಯಂತ್ರದ ಫಿಲ್ಟರ್ ಬೇಡದ್ದನ್ನು ತಿರಸ್ಕರಿಸಿ ಬೇಕಾದ್ದನ್ನು ಒಳಗೆ ಬಿಡುತ್ತದೆ. ಪ್ರಸಾದಿಯ ದಾರಿ ಬೇರೆ. ತಾನು ತೆಗೆದುಕೊಳ್ಳುವ ಮುನ್ನ ಅದು ತನ್ನದಲ್ಲ ಎಂದು ಒಪ್ಪುವುದೇ ಅವನ ಸೋಸುವಿಕೆ. ಈ ಒಪ್ಪಿಗೆ ಬಂದವನಿಗೆ ಗಾಳಿಯೂ ಸ್ವಂತದ್ದಾಗಿ ಉಳಿಯುವುದಿಲ್ಲ. ತಾನು ಬಿಟ್ಟ ಹೊಗೆ ಇನ್ನೊಬ್ಬನ ಮೂಗಿಗೆ ಹೋಗುತ್ತದೆ ಎಂಬ ಎಚ್ಚರ ಅವನಿಗೆ ತಪ್ಪದು.

ಜೈನಧರ್ಮ ಸೋಸುವ ಕ್ರಿಯೆಯನ್ನೇ ವ್ರತದ ಮಟ್ಟಕ್ಕೆ ಏರಿಸಿತು. ತುಮಕೂರಿನ ಹತ್ತಿರದ ಮಂದರಗಿರಿಯನ್ನು ಜನ ಬಸದಿಬೆಟ್ಟ ಎನ್ನುತ್ತಾರೆ. ಮೇಲೆ ಹಳೆಯ ಬಸದಿಗಳಿವೆ, ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರುಮಂದಿರವಿದೆ. ಪಿಂಛಿ ದಿಗಂಬರ ಮುನಿಯ ಕೈಯಲ್ಲಿ ಸದಾ ಇರುವ ವಸ್ತು. ಕೂರುವ ಮೊದಲು, ಏನನ್ನಾದರೂ ಇಡುವ ಮೊದಲು ಅವರು ಅದರಿಂದ ನೆಲವನ್ನು ಮೆಲ್ಲಗೆ ಸವರುತ್ತಾರೆ. ನೆಲ ಕೊಳೆಯಾಗಿದೆ ಎಂದಲ್ಲ, ಅಲ್ಲಿರುವ ಇರುವೆಗೋ ಹುಳಕ್ಕೋ ನೋವಾಗದಿರಲಿ ಎಂದು. ಗಾಳಿಸಿದ ನೀರಿನ ನಿಯಮವೂ ಹೀಗೆಯೇ. ಶ್ರಾವಕರು, ಎಂದರೆ ಜೈನ ಗೃಹಸ್ಥರು, ದಪ್ಪ ಬಟ್ಟೆಯನ್ನು ಮಡಿಸಿ ನೀರು ಗಾಳಿಸುತ್ತಾರೆ. ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಚರಂಡಿಗೆ ಕೊಡವುವುದಿಲ್ಲ. ಗಾಳಿಸಿದ ನೀರಿನಿಂದಲೇ ಬಟ್ಟೆಯನ್ನು ತಿರುವಿ ತೊಳೆದು, ಆ ನೀರನ್ನು ಯಾವ ಬಾವಿ ಅಥವಾ ಕೆರೆಯಿಂದ ತಂದಿದ್ದರೋ ಅಲ್ಲಿಗೇ, ಎತ್ತರದಿಂದ ಸುರಿಯದೆ, ಮೆಲ್ಲಗೆ ಮರಳಿ ಬಿಡಬೇಕು. ಅದರಲ್ಲಿರುವ ಜೀವಿಗಳಿಗೆ ತಮ್ಮ ನೀರು ಸಿಗಬೇಕು. ಜಗತ್ತಿನಲ್ಲಿ ನೀರು ಸೋಸುವವರು ಬಹಳ ಮಂದಿ. ಸೋಸಿ ತೆಗೆದುದರ ಹಿತಕ್ಕಾಗಿ ಸೋಸುವುದು ಅಪರೂಪ. ಕುಡಿಯುವವನ ಆರೋಗ್ಯ ಇಲ್ಲಿ ಎರಡನೆಯ ಮಾತು.

ಈ ಅಳತೆಗೋಲನ್ನು ಹುಲ್ಲು ಹೊಡೆಯುವ ಯಂತ್ರಕ್ಕೆ ಹಚ್ಚಿದರೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಜೈನದೃಷ್ಟಿಯಲ್ಲಿ ಹುಲ್ಲಿಗೂ ಜೀವವಿದೆ, ಅದು ವನಸ್ಪತಿಕಾಯ. ಗಾಳಿಗೂ ಇದೆ, ಅದು ವಾಯುಕಾಯ. ಗಾಳಿಯನ್ನು ಎಳೆದು, ಬೆಂಕಿಯಲ್ಲಿ ಸುಟ್ಟು, ಹುಲ್ಲನ್ನು ಕೊಚ್ಚುವ ಯಂತ್ರದ ಬಗ್ಗೆ ಅಹಿಂಸೆಯ ಮಾತಾಡುವುದೇ ವಿರೋಧಾಭಾಸವಲ್ಲವೇ? ಮುನಿಯ ಮಹಾವ್ರತದ ಮಟ್ಟದಲ್ಲಿ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಅವರು ಆ ಯಂತ್ರವನ್ನು ಮುಟ್ಟುವವರಲ್ಲ. ಗೃಹಸ್ಥನಿಗೆ ಧರ್ಮ ಬೇರೆ ಲೆಕ್ಕ ಇಟ್ಟಿದೆ. ಬೇಕೆಂದೇ ಮಾಡುವ ಹಿಂಸೆ ಒಂದು, ಅಡಿಗೆ ಮನೆವಾರ್ತೆಯಲ್ಲಿ ಆಗುವುದು ಒಂದು, ಬೇಸಾಯ ಮುಂತಾದ ಉದ್ಯೋಗದಲ್ಲಿ ಆಗುವುದು ಒಂದು, ಆತ್ಮರಕ್ಷಣೆಯಲ್ಲಿ ಆಗುವುದು ಒಂದು. ಮೊದಲನೆಯದನ್ನು ಗೃಹಸ್ಥ ಪೂರ್ತಿ ಬಿಡಬೇಕು, ಉಳಿದವನ್ನು ಎಚ್ಚರದಿಂದ ಕಡಿಮೆ ಮಾಡುತ್ತಾ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವ ರೀತಿ. ಪ್ರಾಣಹಾನಿಯನ್ನು ಅದು ಪ್ರಮಾದದೊಂದಿಗೆ, ಎಂದರೆ ಅಜಾಗ್ರತೆಯೊಂದಿಗೆ ಕಟ್ಟಿಹಾಕುತ್ತದೆ. ಎಚ್ಚರಗೇಡಿತನವೇ ಹಿಂಸೆಯ ಬೇರು. ಫಿಲ್ಟರ್ ಕಟ್ಟಿಕೊಂಡಿದೆಯೆಂದು ಗೊತ್ತಿದ್ದೂ ಕಪ್ಪು ಹೊಗೆ ಕಾರುತ್ತಾ ಇಡೀ ದಿನ ಮಷಿನ್ ಓಡಿಸುವುದು ಈ ವಿವರಣೆಯಡಿ ಬರಿಯ ಸೋಮಾರಿತನವಲ್ಲ.

ಮುನಿಗಳ ಐದು ಸಮಿತಿಗಳಲ್ಲಿ ಎರಡು ಇಲ್ಲಿ ನೆನಪಿಗೆ ತಕ್ಕವು. ಆದಾನನಿಕ್ಷೇಪಣ ಸಮಿತಿ ವಸ್ತುಗಳನ್ನು ಎತ್ತುವಾಗ, ಇಡುವಾಗ ಇರಬೇಕಾದ ಎಚ್ಚರ. ಉತ್ಸರ್ಗ ಸಮಿತಿ ಬಿಡಬೇಕಾದ ಕೊಳೆಯನ್ನು ಯಾವ ಜೀವಕ್ಕೂ ಬಾಧೆಯಾಗದ ಕಡೆ ಬಿಡುವ ಎಚ್ಚರ. ಎರಡನೆಯದು ಈ ಕಾಲಕ್ಕೆ ತುಂಬಾ ಬೇಕು. ಫೋಮ್ ತೊಳೆದ ಎಣ್ಣೆಯ ನೀರನ್ನು ಸಾಮಾನ್ಯವಾಗಿ ತೋಟದ ಕಾಲುವೆಗೋ ಬಾವಿಯ ಪಕ್ಕಕ್ಕೋ ಚೆಲ್ಲುತ್ತಾರೆ. ಹಳೆಯ ಪೇಪರ್ ಫಿಲ್ಟರ್, ಆಯಿಲ್ ಒರೆಸಿದ ಬಟ್ಟೆ, ತೆಗೆದ ಆಯಿಲ್ ಬೇಲಿಯ ಬುಡ ಸೇರುತ್ತವೆ, ಇಲ್ಲವೇ ಬೆಂಕಿಗೆ. ಯಂತ್ರದ ಒಳಗನ್ನು ಶುದ್ಧ ಮಾಡಿ ಆ ಕೊಳೆಯನ್ನು ಕೆರೆಗೆ ಕಳಿಸಿದರೆ ಶುದ್ಧಿ ಆಗಲಿಲ್ಲ, ಕೊಳೆ ಜಾಗ ಬದಲಿಸಿತು. ತೊಳೆದ ನೀರನ್ನು ಹರಿವ ನೀರಿನಿಂದ ದೂರ ಹಾಕುವುದು, ಹಳೆಯ ಆಯಿಲನ್ನು ಡಬ್ಬದಲ್ಲಿ ಕೂಡಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡುವುದು, ಫಿಲ್ಟರನ್ನು ಸುಡದೆ ಕಸದ ಗಾಡಿಗೆ ಹಾಕುವುದು ಯಾರಿಗೂ ಆಗದ ಕೆಲಸಗಳಲ್ಲ.

ಬದಲಿಸುವ ವಿಚಾರದಲ್ಲಿ ಮಿತವ್ಯಯದ ಹೆಸರಿನಲ್ಲಿ ತಪ್ಪೊಂದು ನಡೆಯುತ್ತದೆ. ಸವೆದ ಫಿಲ್ಟರನ್ನೇ ಮತ್ತೆ ಮತ್ತೆ ಕೊಡವಿ ಹಾಕುವುದು, ಅದೂ ಹರಿದಾಗ ಸ್ಪಂಜಿನ ತುಂಡು ತುರುಕುವುದು, ಎಳೆತ ಹೆಚ್ಚಲಿ ಎಂದು ಫಿಲ್ಟರ್ ಇಲ್ಲದೆಯೇ ಓಡಿಸುವುದು ಕಾಣಸಿಗುತ್ತದೆ. ಶರಣೆ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಕಳಿಸಿದಳೆಂಬ ಪ್ರಸಂಗದಲ್ಲಿ ಬೇಕಾದಷ್ಟೇ ತೆಗೆದುಕೊಳ್ಳುವ ಧರ್ಮವಿದೆ. ಬೇಕಾದಷ್ಟನ್ನೂ ಕೊಡದಿರುವ ಧರ್ಮ ಅಲ್ಲಿಲ್ಲ. ಯಂತ್ರದಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಫಿಲ್ಟರ್ ಒಂದು, ಅದು ಕಾಯುವ ಸಿಲಿಂಡರ್ ಮತ್ತು ಪಿಸ್ಟನ್ ಅತಿ ದುಬಾರಿ ಭಾಗಗಳು. ತನ್ನ ಕಾಲ ಮುಗಿಸಿದ ವಸ್ತುವನ್ನು ಗೌರವದಿಂದ ಬಿಡುವುದೂ ಅಪರಿಗ್ರಹವೇ, ಎಂದರೆ ಹಿಡಿದಿಟ್ಟುಕೊಳ್ಳದಿರುವ ವ್ರತವೇ.

ಈ ವಿಚಾರದ ಅತಿ ಭಾರದ ಭಾಗ ಯಂತ್ರ ಹಿಡಿದವನದು. ಗುಬ್ಬಿಯ ತೋಟದಲ್ಲಿ ಬ್ರಷ್ ಕಟರ್ ಬೀಸುವ ಕೂಲಿಯಾಳಿನ ಮುಖ ನೆಲದಿಂದ ಏಳುವ ದೂಳಿಗೂ ಇಂಜಿನ್ನಿನ ಹೊಗೆಗೂ ನಡುವೆ ಇರುತ್ತದೆ. ಸಣ್ಣ ಬೆಣಚು ಕಣ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆಂಬುದು ಕಲ್ಲುಗಣಿ ಕಾರ್ಮಿಕರ ವಿಷಯದಲ್ಲಿ ಸಿದ್ಧವಾದ ಸಂಗತಿ. ತೋಟದ ಗಾಳಿ ಗಣಿಯ ಗಾಳಿಯಷ್ಟು ಕೆಟ್ಟದ್ದಲ್ಲ, ಆದರೆ ಕಣ ಅದೇ. ಇದರ ಜೊತೆಗೆ ಪಾರ್ಥೇನಿಯಂ ಇದೆ. ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡ ಎಂದು ಕರೆಯುವ ಈ ಕಳೆ ಬೇಲಿ, ಬೀಳು, ರಸ್ತೆಬದಿ ಎಲ್ಲೆಡೆ ಹಬ್ಬಿದೆ. ಅದರ ಪರಾಗ ಮತ್ತು ಗಿಡದ ಮೇಲಿನ ನವುರು ರೋಮ ಚರ್ಮಕ್ಕೆ ತುರಿಕೆ, ಮೂಗಿಗೆ ನೆಗಡಿ, ಕೆಲವರಿಗೆ ದಮ್ಮು ತರುತ್ತವೆ. ಹೂಬಿಟ್ಟ ಪಾರ್ಥೇನಿಯಂ ಮೇಲೆ ಬ್ರಷ್ ಕಟರ್ ಹಾಯಿಸಿದಾಗ ಅದೆಲ್ಲ ಪುಡಿಯಾಗಿ ಗಾಳಿಗೆ ಏಳುತ್ತದೆ. ಯಂತ್ರದ ಫಿಲ್ಟರ್ ಅದನ್ನು ಹಿಡಿಯುತ್ತದೆ. ಯಂತ್ರ ಹಿಡಿದವನ ಮುಖಕ್ಕೆ ಹೆಚ್ಚೆಂದರೆ ಒಂದು ಟವೆಲ್. ಟವೆಲಿನ ಬಟ್ಟೆ ದಪ್ಪ ದೂಳನ್ನು ತುಸು ತಡೆದೀತು, ಎದೆಯ ಆಳಕ್ಕೆ ಇಳಿಯುವ ಸಣ್ಣ ಕಣವನ್ನು ತಡೆಯಲಾರದು. ಒಂದೇ ಗಾಳಿಯನ್ನು ಇಬ್ಬರು ಉಸಿರಾಡುವಲ್ಲಿ ಕಬ್ಬಿಣಕ್ಕೆ ಫಿಲ್ಟರ್ ಇದೆ, ಮನುಷ್ಯನಿಗೆ ಇಲ್ಲ. ಯಂತ್ರ ಕೆಟ್ಟರೆ ಮಾಲೀಕನ ಹಣ ಹೋಗುತ್ತದೆ, ಕೂಲಿಯ ಎದೆ ಕೆಟ್ಟರೆ ನಾಳೆ ಬೇರೆ ಆಳು ಬರುತ್ತಾನೆ ಎಂಬ ಲೆಕ್ಕ ಇದರ ಹಿಂದೆ ಇದೆ. ಅದು ಅಧರ್ಮದ ಲೆಕ್ಕ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು (1907–2019) ದಶಕಗಳ ಕಾಲ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸಿದ್ದನ್ನು ಈ ಸೀಮೆಯ ಜನ ಕಣ್ಣಾರೆ ಕಂಡವರು. ತಾನು ಉಣ್ಣುವ ಮೊದಲು ಇನ್ನೊಬ್ಬರಿಗೆ ಬಡಿಸುವ ಆ ಕ್ರಮ ಊಟದ ಪಂಕ್ತಿಗೆ ಮಾತ್ರ ಸೀಮಿತವಾಗಬೇಕಿಲ್ಲ. ಶುದ್ಧ ಉಸಿರೂ ಬಡಿಸಬಹುದಾದ ವಸ್ತು. ಚಂದಯ್ಯನ ಹುಲ್ಲಿನ ಹೊರೆ ಹೇಳುವುದೂ, ಬಸದಿಬೆಟ್ಟದ ಪಿಂಛಿ ಹೇಳುವುದೂ, ಪ್ರಸಾದಿಯ ಅರ್ಪಣೆ ಹೇಳುವುದೂ ಇಲ್ಲಿ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಆದುದರಿಂದ ಕಳೆಯನ್ನು ಹೂಬಿಡುವ ಮೊದಲೇ, ನೆಲ ತುಸು ಹಸಿಯಿರುವ ಬೆಳಗಿನ ಹೊತ್ತಿನಲ್ಲಿ ಹೊಡೆಸಬೇಕು. ಕಪ್ಪು ಹೊಗೆ ಕಂಡ ಕೂಡಲೇ ಮಷಿನ್ ನಿಲ್ಲಿಸಿ ಫಿಲ್ಟರ್ ನೋಡಬೇಕು. ಅದು ಯಂತ್ರಕ್ಕೂ ಒಳ್ಳೆಯದು, ಹಿಂದೆ ನಿಂತವನ ಎದೆಗೂ ಒಳ್ಳೆಯದು. ಆಯುಧಪೂಜೆಯ ದಿನ ಮುಚ್ಚಳ ಬಿಚ್ಚಿ ಒಳಗನ್ನೂ ತೊಳೆಯಬೇಕು. ಹೊಸ ಏರ್ ಫಿಲ್ಟರ್ ತರಲು ಅಂಗಡಿಗೆ ಹೋಗುವ ತೋಟದ ಮಾಲೀಕರು, ಸಂಸ್ಥೆಗಳ ಮೇಲ್ವಿಚಾರಕರು ಅದೇ ಬಿಲ್ಲಿನಲ್ಲಿ ಆಳಿಗೆ ಎನ್-95 ಮಾಸ್ಕನ್ನೂ ಕಣ್ಣು ಮುಚ್ಚುವ ಕನ್ನಡಕವನ್ನೂ ಬರೆಸಲಿ.